ಶೇಂಗಾ ಎಣ್ಣೆ ತಿಕ್ಕಿದ ವ್ಯಾನು

ಇವತ್ತು ರಾಯದುರ್ಗದಲ್ಲಿ ನನ್ನ ಬೆಳ್ಳಿ ಬಣ್ಣದ ಕಾರಿಗೆ ಪಾಲಿಶ್ ಮಾಡಿಸಲು ಹೋಗಿದ್ದೆ. ಅಂಗಡಿಯವನು ವ್ಯಾಕ್ಸ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕೊಬ್ಬರಿಯ ಘಮ ಬಂತು. ಕಾರಿನ ಮೈಯಿಂದ ತಿನ್ನುವ ಪದಾರ್ಥದ ವಾಸನೆ ಬರುವುದೆಂದರೆ ನನಗೆ ಇವತ್ತಿಗೂ ಭಯ.

ಅಪ್ಪನ ಹಳೆಯ ವ್ಯಾನೂ ಬೆಳ್ಳಿ ಬಣ್ಣದ್ದೇ. ಹೊಳೆಯಲೆಂದು ಅವರು ಜೀನ್ಸ್ ಬಟ್ಟೆಯ ತುಂಡಿನಿಂದ ಅದಕ್ಕೆ ಶೇಂಗಾ ಎಣ್ಣೆ ತಿಕ್ಕುತ್ತಿದ್ದರು.

"ಹಂಗೇ ಒಗ್ಗರಣಿನೂ ಹಾಕಿಬಿಡ್ರಿ," ಎಂದು ಅಮ್ಮ ರೇಗುತ್ತಿದ್ದಳು.

ನನ್ನ ಬಾಲ್ಯದ ಒಂದು ಮುಸ್ಸಂಜೆ ಮೂವರೂ ಮನೆಗೆ ಬರುವಾಗ ಬೆಟ್ಟದ ಬುಡದಲ್ಲಿ ವ್ಯಾನು ಕೆಟ್ಟು ನಿಂತಿತು. ಬಂಡೆಗಳ ನಡುವಿನಿಂದ ಕರಡಿಯೊಂದು ಇಳಿದು ಬಂದು, ಬಾನೆಟ್ ಮೇಲೆ ಮುಂಗಾಲಿಟ್ಟು ಎಣ್ಣೆ ನೆಕ್ಕತೊಡಗಿತು. ಉಗುರು ತಗಡನ್ನು ಗೀರುವ ಸದ್ದು ನನ್ನ ಹಲ್ಲಿನೊಳಗೇ ಕೇಳಿಸಿತು.

"ಹಾರ್ನ್ ಹೊಡೀರಿ," ಅಮ್ಮ ಪಿಸುಗುಟ್ಟಿದಳು.

"ಬ್ಯಾಡ, ಸಿಟ್ಟಿಗೇಳ್ತೈತಿ," ಎಂದರು ಅಪ್ಪ. ಸ್ಟೇರಿಂಗ್ ಮೇಲಿಂದ ಕೈಯನ್ನೇ ತೆಗೆದುಬಿಟ್ಟರು.

ಬಾನೆಟ್ ಮುಗಿಸಿ ಅದು ನನ್ನ ಬಾಗಿಲಿಗೆ ಬಂತು. ಗಾಜಿನಾಚೆ ಅದರ ನಾಲಿಗೆ, ಈಚೆ ನನ್ನ ಕೆನ್ನೆ. ಅಳದಂತೆ ಅಮ್ಮ ನನ್ನ ಬಾಯಿ ಒತ್ತಿ ಹಿಡಿದಳು. ಅವಳ ಅಂಗೈಯಲ್ಲೂ ಶೇಂಗಾ ಎಣ್ಣೆಯದೇ ವಾಸನೆ.

ಲಾರಿಯೊಂದರ ದೀಪ ಬಿದ್ದಾಗಲೇ ಅದು ಬೆಟ್ಟ ಹತ್ತಿದ್ದು.

"ಇದೇ ಹಾಕ್ಲೇನ್ರಿ? ಘಮಾನೂ ಚಲೋ ಐತಿ," ಎಂದು ಅಂಗಡಿಯವನು ವ್ಯಾಕ್ಸ್ ಡಬ್ಬಿ ಚಾಚಿ ಕೇಳಿದ.

ಪಕ್ಕದಲ್ಲಿದ್ದ, ವ್ಯಾಕ್ಸ್ ಬದಲು ಹೊಳಪಿಗೆ ಹಚ್ಚುವ ಸೀಲೆಂಟ್ ಬಾಟಲಿಯನ್ನು ಮೂಗಿಗೆ ಹಿಡಿದು ನೋಡಿದೆ. ಕರಡಿ ನೆಕ್ಕುವಂಥ ಯಾವ ಘಮವೂ ಇರಲಿಲ್ಲ.

"ಇದನ್ನ ಹಾಕ್ರಿ," ಅಂದೆ.