ಎಡ-ಬಲ ಅರಿಯದ ಬಿಲ್ಲು

ರಂಜಾನ್ ಹಬ್ಬದ ಹಿಂದಿನ ಸಂಜೆ ಹಚ್ಚಿದ ಮೆಹೆಂದಿ ಆಪಾ ಅವರ ಅಂಗೈಯಲ್ಲಿ ಎಲ್ಲರಂತೆ ಕೆಂಪಗೆ ಏರುತ್ತಿತ್ತು. ಬಲಗೈಯ ಮೂರು ಬೆರಳ ತುದಿಯಲ್ಲಿ ಮಾತ್ರ ಕಪ್ಪಗೆ ಏರಿ, ಹಬ್ಬ ಮುಗಿದು ಎಷ್ಟೋ ದಿನವಾದರೂ ಹೋಗುತ್ತಿರಲಿಲ್ಲ. ಬಿಲ್ಲಿನ ಹೆದೆ ಎಳೆದೆಳೆದು ಅಲ್ಲಿಯ ಚರ್ಮ ದಪ್ಪಗಟ್ಟಿತ್ತು. ಅವರ ತಮ್ಮನ ಹೆಂಡತಿ ಪ್ರತಿ ಹಬ್ಬಕ್ಕೂ, ನಿಂಬೆಹಣ್ಣು ತಿಕ್ಕಿರಿ, ಮೆತ್ತಗಾಗುತ್ತದೆ, ಹೆಂಗಸರ ಕೈ ಹೀಗಿದ್ದರೆ ನೋಡಿದವರು ಏನೆಂದಾರು ಎನ್ನುತ್ತಿದ್ದರು. ಆಪಾ ಆ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು. "ನಕ್ಕೋ. ಇದು ನನ್ನ ಕಮಾಯಿ."

ನಕ್ಕೋ ಅಂದರೆ ಬೇಡ, ಕಮಾಯಿ ಅಂದರೆ ಗಳಿಕೆ. ದಖನಿ ಮಾತು. ನಮ್ಮದು ಮರಾಠಿ, ಕನ್ನಡ ಎರಡೂ ಓಡಾಡುವ ವೈಷ್ಣವರ ಮನೆ. ನಮ್ಮಲ್ಲೂ 'ನಕೋ' ಇತ್ತು, ಆದರೆ ಎಲೆಯ ಮುಂದೆ ಕೂತಾಗ ಇನ್ನಷ್ಟು ಅನ್ನ ಬೇಡವೆನ್ನಲು ಮಾತ್ರ. ಆಪಾ ಅದನ್ನು ಅಧಿಕಾರಿಗಳಿಗೆ ಹೇಳುತ್ತಿದ್ದರು, ಅಂಗಡಿಯವರಿಗೆ ಹೇಳುತ್ತಿದ್ದರು, ಮದುವೆಯಾಗು ಎಂದು ಐವತ್ತರವರೆಗೂ ಬೆನ್ನು ಬಿಡದ ನೆಂಟರಿಗೆ ಹೇಳುತ್ತಿದ್ದರು. ದನಿ ಏರಿಸುತ್ತಿರಲಿಲ್ಲ. ಹೇಳಿ ಸುಮ್ಮನೆ ನಿಲ್ಲುತ್ತಿದ್ದರು, ಅಷ್ಟೇ.

ಕಲಬುರಗಿಯಲ್ಲಿ ನಾನು ಓದಿದ ಹುಡುಗಿಯರ ಶಾಲೆಯಲ್ಲಿ ಅವರು ಡ್ರಿಲ್ ಟೀಚರು. ಮುಸ್ಲಿಂ ಹುಡುಗಿಯರು ಅಕ್ಕ ಎಂಬ ಅರ್ಥದಲ್ಲಿ ಆಪಾ ಎನ್ನುತ್ತಿದ್ದರು. ನೋಡನೋಡುತ್ತ ಇಡೀ ಶಾಲೆಗೇ ಆಪಾ ಆದರು. ಸಲ್ವಾರಿನ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ನಾನು ಶಾಲೆ ಬಿಟ್ಟ ಮೇಲೆ ನಡೆದ ಕತೆಯನ್ನು ಗೆಳತಿಯರು ಹೇಳುತ್ತಿದ್ದರು. ಸ್ಟೋರ್ ರೂಮಿನಲ್ಲಿ ಬಿದಿರಿನ ಬಿಲ್ಲುಗಳ ಕಟ್ಟೊಂದು ಧೂಳು ತಿನ್ನುತ್ತ ಬಿದ್ದಿತ್ತಂತೆ. ಹುಡುಗಿಯರ ಕಣ್ಣಿಗೆ ಚುಚ್ಚಿದರೆ ನಾಳೆ ಅವರ ಮದುವೆಗೆ ಯಾರು ಹೊಣೆ ಎಂದು ಹೆಡ್ ಮೇಡಂ ಕೋಣೆಗೆ ಕೀಲಿ ಹಾಕಿಸಿದ್ದರು. ಆಪಾ ರಜೆಯಲ್ಲಿ ತರಬೇತಿಗೆ ಹೋಗಿ ಮೊದಲು ತಾವು ಕಲಿತು ಬಂದರು, ಆಮೇಲೆ ಕೀಲಿ ತೆಗೆಸಿದರು. ಯಾರ ಕಣ್ಣಿಗೂ ಏನೂ ಆಗಲಿಲ್ಲ. ಮದುವೆಗಳೂ ಆದವು.

ಇಲ್ಲಿ ನನ್ನ ಕೈಯ ವಿಷಯ ಹೇಳಬೇಕು. ನಾನು ಹುಟ್ಟಾ ಎಡಗೈಯವಳು. ಅದಕ್ಕಾಗಿ ಮನೆಯಲ್ಲಿ ಯಾರೂ ಹೊಡೆಯಲಿಲ್ಲ. ಅಪ್ಪ ಪೌರೋಹಿತ್ಯ ಮಾಡುವವರು, ಮೆತ್ತಗಿನ ಮನುಷ್ಯ. ತೀರ್ಥವಾಗಲಿ ಪೆನ್ಸಿಲ್ ಆಗಲಿ, ಕೊಡುವಾಗ ನನ್ನ ಎಡಗೈ ಮುಂದೆ ಬಂದರೆ ತಮ್ಮ ಕೈ ತಡೆದು ಸುಮ್ಮನೆ ಕಾಯುತ್ತಿದ್ದರು. ಬೈದಿದ್ದರೆ ತಿರುಗಿ ಜಗಳವಾಡುತ್ತಿದ್ದೆ. ಕಾಯುವವರ ಜೊತೆ ಜಗಳವಾಡುವುದು ಹೇಗೆ? ಹೀಗೇ ಊಟ ಬಲಗೈಗೆ ಬಂತು, ಬರವಣಿಗೆ ಬಲಗೈಗೆ ಬಂತು. ನಾನು ಥ್ರೋಬಾಲ್ ಆಡುವಾಗ ನನ್ನ ಗೊಂದಲ ನೋಡಿ ಆಪಾ ಒಬ್ಬರೇ, "ಯಾವ ಕೈ ಬರ್ತದ ಅದರಿಂದ ಒಗಿ" ಎಂದವರು.

ನಲವತ್ತು ದಾಟಿದ ಮೇಲೆ ನನಗೆ ಬಿಲ್ಲು ಕಲಿಯುವ ಹುಚ್ಚು ಹಿಡಿಯಿತು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ, ಒಂದೂ ನಿಜವಲ್ಲ. ಬೇಕೆನಿಸಿತು. ಗಂಡಸರು ನಲವತ್ತಕ್ಕೆ ದೊಡ್ಡ ಬೈಕು ಕೊಂಡರೆ ಯಾರೂ ಕಾರಣ ಕೇಳುವುದಿಲ್ಲ. ಕಲಬುರಗಿಯ ಮೈದಾನದಲ್ಲಿ ಬೆಳಗ್ಗೆ ಬಿಲ್ಲು ಕಲಿಸುತ್ತಿದ್ದ ಕೋಚ್ ಹತ್ತಿರ ಹೋದೆ. ಕೆಟ್ಟ ಮನುಷ್ಯನಲ್ಲ, ಆದರೆ ಅವರಲ್ಲಿದ್ದ ಬಿಲ್ಲುಗಳೆಲ್ಲ ಬಲಗೈಯವು. ಬಾಣ ಕೂರಲೆಂದು ನಡುವಿನಲ್ಲಿ ಒಂದು ಪಕ್ಕಕ್ಕೆ ಮಾತ್ರ ಕೊರೆದಿರುತ್ತದೆ. ಎಡಗೈಯವರಿಗೆ ಕೊರೆದದ್ದು ಬೇರೆ ತರಿಸಬೇಕು, ದುಬಾರಿ. ಒಬ್ಬರಿಗಾಗಿ ಯಾರು ತರಿಸುತ್ತಾರೆ, ಬರೆಯುವ ಕೈಯನ್ನೇ ಬದಲಿಸಿದವರಿಗೆ ಇದೇನು ಕಷ್ಟ ಎಂದರು. ಬಲಗೈಯಿಂದ ಎಳೆಯತೊಡಗಿದೆ. ನನ್ನ ಬಾಣಗಳು ಪಕ್ಕದವರ ಗುರಿಗೆ ಹೋಗಿ ಬೀಳುತ್ತಿದ್ದವು. ಪಕ್ಕದವರು ಸಿಟ್ಟಾದರು. ನಾನೂ ಬಿಟ್ಟೆ.

ಅದೇ ವರ್ಷ ನನ್ನನ್ನು ನಮ್ಮ ಬ್ಯಾಂಕಿನ ಕಮಲಾಪುರ ಶಾಖೆಗೆ ಹಾಕಿದರು, ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ನಿವೃತ್ತರಾಗಿ ಕಮಲಾಪುರದಲ್ಲಿ ತಮ್ಮನ ಮನೆ ಸೇರಿದ್ದ ಆಪಾ ಪೆನ್ಷನ್‌ಗೆಂದು ಕೌಂಟರಿಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೂಟು ಅದೇ. ನಾನು ಅವರನ್ನು ಗುರುತಿಸುವ ಮೊದಲೇ ಅವರು ನನ್ನ ಕೈ ನೋಡುತ್ತಿದ್ದರು.

"ಸೀಲ್ ಎಡಗೈಲೆ ಹೊಡೀತಿ, ಸಹಿ ಬಲಗೈಲೆ ಮಾಡ್ತಿ. ನೀ ನನ್ನ ಥ್ರೋಬಾಲ್ ಹುಡುಗಿ ಅಲ್ಲಾ?"

ಅವತ್ತು ಬ್ಯಾಂಕು ಮುಚ್ಚಿದ ಮೇಲೆ ಅವರ ಮನೆಗೆ ಹೋದೆ. ಹಿತ್ತಲಿನಾಚೆ ತಮ್ಮನ ಕೆಂಪು ಬಾಳೆಯ ತೋಟ. ಅದರ ಬದಿಯಲ್ಲಿ ಮಣ್ಣಿನ ದಿಬ್ಬ, ದಿಬ್ಬಕ್ಕೆ ಆನಿಸಿ ಹಳೇ ಬಟ್ಟೆ ತುರುಕಿದ ಗೋಣಿಚೀಲ. ಅದೇ ಅವರ ಮೈದಾನ. ಕೋಚ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಆಪಾ ನನ್ನ ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿಸಿದರು, ಅದರೊಳಗಿಂದ ದೂರದ ಬೇವಿನ ಮರ ನೋಡು ಎಂದರು, ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿದರು. ಎಡಗಣ್ಣು ಮುಚ್ಚಿದಾಗ ಮರ ಮಾಯವಾಯಿತು. ಗುರಿ ಹಿಡಿಯುವ ಕಣ್ಣೂ ಎಡಗಡೆಯದೇ ಎಂದು ಗೊತ್ತಾಯಿತು.

"ನಿಮ್ಮವರು ಕೈ ತಿದ್ದಿದ್ರು. ಕಣ್ಣು ಹ್ಯಾಂಗ ತಿದ್ದತಾರ?" ಎಂದು ನಕ್ಕರು. ಮನೆಯಲ್ಲಿ ಒಪ್ಪುವುದಿಲ್ಲ ಎಂದೆ. "ನಮ್ಮ ಮನ್ಯಾಗೂ ಎಡಗೈಲೆ ಉಣ್ಣಂಗಿಲ್ಲ ಬೇಟಾ. ಉಣ್ಣೂದು ಬಲಗೈಲೆ ಉಣ್ಣು. ಬಿಲ್ಲು ಊಟ ಅಲ್ಲ."

ಬಿಲ್ಲು ಆರಿಸುವ ಕೆಲಸ ಅಲ್ಲಿಂದ ಶುರುವಾಯಿತು. ಫೋನಿನಲ್ಲಿ ಸಿಕ್ಕ ಒಬ್ಬ ಮಾರಾಟಗಾರ, ನೀವು ಗಟ್ಟಿಮುಟ್ಟಾಗಿದ್ದೀರಿ ಮೇಡಂ, ನಲವತ್ತೈದು ಪೌಂಡ್ ಎಳೆತದ್ದೇ ತೊಗೊಳ್ಳಿ, ಹಗುರದ್ದು ಕೊಂಡರೆ ಆರು ತಿಂಗಳಿಗೆ ಇನ್ನೊಂದು ಕೊಳ್ಳಬೇಕಾಗುತ್ತದೆ ಎಂದು ನನ್ನನ್ನು ಉಬ್ಬಿಸಿದ್ದ. ನಾನೂ ಉಬ್ಬಿದ್ದೆ. ಆಪಾ ಒಳಗಿಂದ ತಮ್ಮ ಹಳೆಯ ಬಿರುಸಾದ ಬಿಲ್ಲು ತಂದು ನನ್ನ ಕೈಗಿಟ್ಟು, ಎಳೆದು ಹಿಡಿದುಕೊಂಡು ನಿನ್ನ ಹೆಸರು, ಅಪ್ಪನ ಹೆಸರು, ಮನೆಯ ಪತ್ತೆ ಹೇಳು ಎಂದರು. ನಮ್ಮ ಬಡಾವಣೆ ಖೂಬಾ ಪ್ಲಾಟ್ ಎನ್ನುವಷ್ಟರಲ್ಲಿ ನನ್ನ ದನಿ ಆಡಿನ ದನಿಯಾಗಿತ್ತು. ಆಮೇಲೆ ಇಪ್ಪತ್ತೈದು ಪೌಂಡಿನದು ಕೊಟ್ಟರು. ಪತ್ತೆ ಹೇಳಿ, ಪಿನ್‌ಕೋಡೂ ಹೇಳಿದೆ.

"ಮಾತು ನಡುಗಲಿಲ್ಲ ಅಂದ್ರ ಆ ಬಿಲ್ಲು ನಿಂದು" ಎಂದರು. ಜನ ಹಗುರ ಬಿಲ್ಲು ನೋಡಿ ನಗುತ್ತಾರಲ್ಲ ಎಂದೆ. ನಗುವವರು ಬಂದು ಎಳೆದುಕೊಡುತ್ತಾರೇನು ಎಂದು ಕೇಳಿದರು.

ಉಳಿದದ್ದನ್ನೂ ಅವರೇ ತೀರ್ಮಾನಿಸಿದರು. ಬಿಲ್ಲು ನನಗಿಂತ ಒಂದು ಗೇಣು ಎತ್ತರ ಇರಬೇಕು. ಗಿಡ್ಡ ಬಿಲ್ಲು ಎಳೆದಾಗ ಹೆದೆ ಬೆರಳನ್ನು ಹಿಂಡುತ್ತದೆ. ಇದ್ದಬದ್ದ ಹಣವನ್ನೆಲ್ಲ ಬಿಲ್ಲಿಗೇ ಸುರಿಯಬಾರದು, ಅದಕ್ಕೆ ಹೊಂದುವ ಬಾಣ, ಕೈಗೆ ಒಂದು ತೊಗಲಿನ ಗವಸು ಅಷ್ಟೇ ಮುಖ್ಯ. ಎಲ್ಲಕ್ಕಿಂತ ದೊಡ್ಡದು, ನಡುವೆ ಯಾವ ಕೊರೆತವೂ ಇರಬಾರದು. ಬಾಣ ಮುಷ್ಟಿಯ ಮೇಲೆಯೇ ಕೂರಲಿ. ಅಂಥ ಸಾದಾ ಉದ್ದ ಬಿಲ್ಲನ್ನು ಯಾವ ಕೈಯಿಂದ ಬೇಕಾದರೂ ಎಳೆಯಬಹುದು, ಬೆಲೆಯೂ ಕಡಿಮೆ. ಕೋಚ್‌ಗೆ ಫೋನಿನಲ್ಲಿ ಅದರ ಚಿತ್ರ ತೋರಿಸಿದಾಗ ಅವರು, ಇದು ಬಿಲ್ಲಲ್ಲ, ಕೋಲು ಎಂದಿದ್ದರು. ಅದನ್ನು ಹೋಗಿ ಆಪಾಗೆ ಚಾಡಿ ಹೇಳಿದೆ.

"ಹೌದು, ಕೋಲಽ. ಕೋಲಿಗೆ ಎಡ ಬಲ ಗೊತ್ತಿಲ್ಲ, ಅದಽ ಛಲೋ."

ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ ಆ ಬಿಲ್ಲು ಪ್ಲಾಸ್ಟಿಕ್ ಪೈಪಿನೊಳಗೆ ಪಾರ್ಸಲ್ ಬಂತು. ಅದನ್ನು ಹಿಡಿದು ಕಮಲಾಪುರದ ಬಸ್ಸು ಹತ್ತಿದರೆ ಕಂಡಕ್ಟರ್, ನಲ್ಲಿಯ ಕೆಲಸವೇನ್ರೀ ಅಕ್ಕಾರ ಎಂದು ಕೇಳಿದ. ಬಿಲ್ಲು ಎಂದೆ. ಇಡೀ ಬಸ್ಸು ತಿರುಗಿ ನೋಡಿತು. ನೋಡಲಿ ಎಂದು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಆಪಾ ಬಲಗೈಯವರು. ಅವರು, ನಾನು ಪಕ್ಕಪಕ್ಕ ನಿಂತು ಬಿಲ್ಲೆತ್ತಿದರೆ ಇಬ್ಬರೂ ಎದುರುಬದುರಾಗುತ್ತಿದ್ದೆವು. ಅವರ ಮುಖ ನೋಡುತ್ತಲೇ ಕಲಿತೆ. ಎಳೆಯುವಾಗ ಅವರು ಹಲ್ಲು ಕಚ್ಚುತ್ತಿರಲಿಲ್ಲ, ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಯಾರೋ ಬಾಗಿಲು ತಟ್ಟಿದ್ದನ್ನು ಕೇಳಿಸಿಕೊಂಡಂತೆ ಇರುತ್ತಿತ್ತು ಆ ಮುಖ.

ಮನೆಯ ಮಾತು ಮಾತ್ರ ಹಾಗೇ ಉಳಿದಿತ್ತು. ಒಂದು ದಿನ ನಮ್ಮ ಮನೆಯ ಮಾಳಿಗೆಯ ಮೇಲೆ ನಾನು ಬಾಣವಿಲ್ಲದೆ ಬರೀ ಹೆದೆ ಎಳೆದು, ಬಿಡದೆ ಮೆಲ್ಲಗೆ ಸಡಿಲಿಸುವುದನ್ನು ರೂಢಿ ಮಾಡುತ್ತಿದ್ದೆ. ಅಪ್ಪ ಒಣಹಾಕಿದ ಮಡಿ ತೆಗೆಯಲು ಬಂದವರು ನೋಡಿದರು. ಬೈಯಲಿಲ್ಲ. ಬಿಲ್ಲು ಕಲಿಯಬೇಡವೆಂದೂ ಅನ್ನಲಿಲ್ಲ. ಶಸ್ತ್ರವೆಂದರೆ ಪೂಜೆಯ ವಸ್ತು, ಅದನ್ನು ಎಡಗೈಯಿಂದ ಎಳೆಯುವುದು ಸರಿಯಲ್ಲ, ಬಲಗೈಯಿಂದ ಕಲಿ, ಆಗದಿದ್ದರೆ ಬಿಟ್ಟುಬಿಡು ಎಂದರು. ಹೇಳಿ, ನಾನು ಕೈ ಬದಲಿಸಲೆಂದು ಅಲ್ಲೇ ನಿಂತು ಕಾದರು. ನಾನು ಬದಲಿಸಲಿಲ್ಲ. ಎಳೆಯಲೂ ಇಲ್ಲ. ಬಿಲ್ಲಿನ ಹೆದೆ ಇಳಿಸಿ ಕೆಳಗೆ ಹೋದೆ. ಆ ರಾತ್ರಿ ಉಣ್ಣಲಿಲ್ಲ, ಮರುದಿನ ಆಪಾ ಅವರ ಮುಂದೆ ಅತ್ತೆ.

ಮುಂದಿನ ಭಾನುವಾರ ಆಪಾ ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದರು, ಒಂದು ಗೊನೆ ಕೆಂಪು ಬಾಳೆಹಣ್ಣು ಹೊತ್ತುಕೊಂಡು. ಅಪ್ಪನಿಗೆ ನಮಸ್ಕಾರ ಹೇಳಿ ಕೂತರು. ಸೆಖೆ, ತೊಗರಿಯ ಬೆಳೆ, ಮಂಡಿನೋವು ಎಲ್ಲ ಮುಗಿದ ಮೇಲೆ ಅಲ್ಲೇ ಬಿದ್ದಿದ್ದ ಪೇಪರು ಕೈಗೆತ್ತಿಕೊಂಡರು. ಯಾರದೋ ಸನ್ಮಾನದ ಸುದ್ದಿಯಿತ್ತು.

"ಆಚಾರ್ರೇ, ದೊಡ್ಡ ಮನಷ್ಯಾರಿಗೆ ಪೇಪರ್‌ನ್ಯಾಗ ಸವ್ಯಸಾಚಿ, ಸವ್ಯಸಾಚಿ ಅಂತ ಬರೀತಾರಲ್ರೀ. ಹಂಗಂದ್ರ ಏನು?"

ಅಪ್ಪ ಯಾವ ಪದದ ಅರ್ಥ ಕೇಳಿದರೂ ಕನ್ನಡಕ ಸರಿಮಾಡಿಕೊಂಡು ಖುಷಿಯಿಂದ ಹೇಳುವವರು. ಕನ್ನಡಕ ಸರಿಮಾಡಿಕೊಂಡರು. ಬಾಯಿ ತೆರೆದರು. ಆಮೇಲೆ ತಾವು ಎಲ್ಲಿ ಸಿಕ್ಕಿಬಿದ್ದೆವು ಎಂಬುದು ಹೊಳೆಯಿತು. ಹೇಳದೆ ಬಿಡಬಹುದಿತ್ತು, ಬೇರೇನೋ ಹೇಳಬಹುದಿತ್ತು. ಪದದ ವಿಷಯದಲ್ಲಿ ಸುಳ್ಳಾಡುವ ಮನುಷ್ಯ ಅವರಲ್ಲ.

"ಎಡಗೈಲೆನೂ ಬಾಣ ಬಿಡಾಂವ ಅಂತ" ಎಂದರು.

"ಗಂಡಸಿಗೆ ಬಿರುದು," ಎಂದರು ಆಪಾ, ಪೇಪರು ಮಡಚುತ್ತ. "ನಿಮ್ಮ ಮಗಳಿಗೆ ಯಾಕ್ರೀ ತಪ್ಪು?"

ಅಪ್ಪ, ಚಹಾ ಮಾಡು ಎಂದು ನನ್ನನ್ನು ಒಳಗೆ ಕಳಿಸಿದರು. ನಾನು ಒಲೆಯ ಮುಂದೆ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆಪಾ ಆ ಅರ್ಥ ಮೊದಲೇ ತಿಳಿದುಕೊಂಡು ಬಂದಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕೇಳಿದರೆ ಕೊನೆಯವರೆಗೂ ಒಪ್ಪಲಿಲ್ಲ.

ಅಪ್ಪ ಹೂಂ ಅಂದವರಲ್ಲ. ಆದರೆ ಆ ದಸರೆಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಈಳಿಗೆ, ಕತ್ತರಿಗಳ ಸಾಲಿನಲ್ಲಿ ನನ್ನ ಬಿಲ್ಲೂ ಕೂತಿತ್ತು, ಕುಂಕುಮ ಹಚ್ಚಿಕೊಂಡು. ಹೆದೆ ಇಳಿಸಿದರೆ ಕೋಲಿನಂತೆ ಕಾಣುತ್ತದೆಂದು ನನ್ನಿಂದ ಹೆದೆ ಏರಿಸಿಕೊಂಡು ಹೂವಿನ ಮಾಲೆ ಬೇರೆ ಹಾಕಿ ದಿನವಿಡೀ ಇಟ್ಟಿದ್ದರು. ಫೋಟೋ ನೋಡಿದ ಆಪಾ ಅಪ್ಪನಿಗೇ ಫೋನು ಮಾಡಿ, ದಿನವೆಲ್ಲ ಹಾಗೆ ಬಗ್ಗಿಸಿಟ್ಟರೆ ಬಿಲ್ಲಿನ ಬಿಗಿ ಹೋಗುತ್ತದೆ, ನಿಮ್ಮ ದೇವರಿಗೆ ಹೇಳಿ ಮೊದಲು ಹೆದೆ ಇಳಿಸಿ ಎಂದು ಗದರಿದರು. ಅಪ್ಪ ಬಿಲ್ಲನ್ನು ನನ್ನ ಮುಂದೆ ಹಿಡಿದರು. ನಾನು ಎಡಗೈಯಲ್ಲಿ ತೆಗೆದುಕೊಂಡೆ. ಅವರು ಕೊಟ್ಟುಬಿಟ್ಟರು.

ವರ್ಷ ಕಳೆದಂತೆ ಆಪಾ ಅವರ ಭುಜ ಸೋತಿತು. ಅವರು ಇನ್ನೂ ಹಗುರದ ಬಿಲ್ಲು ತರಿಸಿಕೊಂಡರು, ಆಮೇಲೆ ಅದಕ್ಕಿಂತ ಹಗುರದ್ದು. ಕೊನೆಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬಾಣ ಬಿಡುತ್ತಿದ್ದರು, ನಾಚಿಕೆಯಿಲ್ಲದೆ, ದಿನಾ. ಹೋದ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ತೀರಿಕೊಂಡರು. ಗಂಡಸರು ಜನಾಜಾ ಎತ್ತಿಕೊಂಡು ಹೋದರು. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ನಾನು ಒಳಗೆ ಹೆಂಗಸರ ನಡುವೆ ಕೂತಿದ್ದೆ. ವಾಪಸು ಬರುವಾಗ ಬಸ್ಸು ಮಹಾಗಾಂವ ದಾಟುವವರೆಗೂ ಅತ್ತೆ. ನನ್ನ ಜೀವನದಲ್ಲಿ ನಾನು ಸರಿಯಾಗಿಯೇ ಹುಟ್ಟಿದ್ದೇನೆ ಎಂದು ಹೇಳಿದ ಮೊದಲ ಮನುಷ್ಯ ಹೋಗಿದ್ದರು.

ಆಮೇಲೆ ಕಲಬುರಗಿಯ ಮೈದಾನದಲ್ಲಿ ಸಾದಾ ಬಿಲ್ಲಿನವರ ಒಂದು ಸಣ್ಣ ಸ್ಪರ್ಧೆ ನಡೆಯಿತು, ನಾನೂ ಹೆಸರು ಕೊಟ್ಟಿದ್ದೆ. ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. ಮಾತಿನಲ್ಲಿ ಕಹಿ ಇರಲಿಲ್ಲ, ನಿಜವಾಗಿಯೂ ಒಳ್ಳೆಯದು ಮಾಡುವ ಮನಸ್ಸೇ ಇತ್ತು. "ಆಪಾ ಇದ್ರು ಅಂತ ನಾ ಏನೂ ಅನ್ನಲಿಲ್ರೀ. ಇನ್ನರೆ ಬಲಗೈಗೆ ಬರ್ರಿ, ನಂದಽ ಒಂದು ಛಲೋ ಬಿಲ್ಲು ಕೊಡ್ತೀನಿ. ಎಲ್ಲಾರೂ ಒಂದು ಕಡಿ ಮುಖ ಮಾಡಿ ನಿಂತಾರ, ನೀವೊಬ್ಬರಽ ಉಲ್ಟಾ. ಸಾಲು ಕೆಡ್ತದ."

"ಕೆಡಲಿ ಬಿಡ್ರೀ ಸರ್" ಎಂದೆ. "ನಾ ನಿಲ್ಲೂದು ಹಿಂಗಽ."

ಗೆರೆಯ ಬಲತುದಿಗೆ ಹೋಗಿ ನಿಂತೆ. ಸಾಲಿನಲ್ಲಿದ್ದವರ ಮುಖವೆಲ್ಲ ನನ್ನ ಕಡೆ, ನನ್ನ ಮುಖ ಅವರ ಕಡೆ. ಅಪ್ಪ ಬೇಲಿಯಾಚೆ ಛತ್ರಿ ಹಿಡಿದು ನಿಂತಿದ್ದರು. ಇಷ್ಟು ವರ್ಷ ಜನರ ಕಣ್ಣಿಗೆ ಬೀಳುತ್ತಲೇ ನಾನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ ಕೈ ಅದು. ಅವತ್ತು ಅವರೆಲ್ಲರ ಕಣ್ಣೆದುರೇ ಹಿಂದಕ್ಕೆ ಎಳೆದೆ, ತುಟಿಯಂಚಿನ ತನಕ ಎಳೆದು, ಬಿಟ್ಟೆ.