ಕೊರತೆ ತುಂಬುವ ಸಾಲು

ಹಾಸನದಲ್ಲಿ ನಮ್ಮ ಮನೆ ಕಂದಾಯ ಏರಿದ ವರ್ಷ, ಬಡಾವಣೆಯ ಸಂಘದವರು ರಿಯಾಯಿತಿ ಕೋರಿ ನಗರಸಭೆಗೆ ಮನವಿ ಬರೆದುಕೊಡಲು ನನ್ನನ್ನು ಕೇಳಿದರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಬರೆಯುವ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತಿತ್ತು. ಕೇಳಿದ್ದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ನಾವೆಲ್ಲ ಸಂಬಳದವರು. ಮನೆ ಸಾಲದ ಕಂತು, ಮಕ್ಕಳ ಫೀಸು ಕಳೆದರೆ ಕೈ ಖಾಲಿ.

ಸಂಘದ ಅಧ್ಯಕ್ಷರು ನಿವೃತ್ತ ಎಂಜಿನಿಯರ್. "ಕಂದಾಯ ಇಳಿಸಿದ್ರೆ ಕೊರತೆ ಹೇಗೆ ತುಂಬೋದು ಅಂತ ಆಫೀಸಿನವರು ಕೇಳೇ ಕೇಳ್ತಾರೆ ಮೇಡಂ. ಅದನ್ನೂ ನಾವೇ ಹೇಳ್ಬಿಡೋಣ. ರಸ್ತೆಬದಿ ವ್ಯಾಪಾರದವರ ಸುಂಕ ಏರಿಸಲಿ," ಎಂದರು.

'ರಸ್ತೆಬದಿ ವ್ಯಾಪಾರಿಗಳಿಂದ ಸೂಕ್ತ ಸುಂಕ ವಸೂಲು ಮಾಡಿ ಕೊರತೆಯನ್ನು ಸರಿದೂಗಿಸಬಹುದು' ಎಂದು ಬರೆದೆ. ವಾಕ್ಯ ಚೆನ್ನಾಗಿ ಕೂತಿದೆ ಎಂದು ಒಳಗೊಳಗೇ ಖುಷಿಯೂ ಆಯಿತು.

ಹದಿನೈದು ದಿನ ಕಳೆದಿರಬೇಕು. ದುದ್ದದಿಂದ ಬೆಳಗಿನ ಬಸ್ಸಿಗೆ ಸೊಪ್ಪು ತಂದು ನಮ್ಮ ಸರ್ಕಲ್ಲಿನಲ್ಲಿ ಮಾರುವ ಹೆಂಗಸು ನನ್ನನ್ನು ನಿಲ್ಲಿಸಿದಳು. "ಟೀಚ್ರಮ್ಮ, ಒಂದು ಅರ್ಜಿ ಬರ್ಕೊಡಿ. ಸುಂಕ ಏರಿಸ್ತಾರಂತೆ. ಯಾರೋ ಮನೆಯೋರು ಅಂಗಂತ ಬರ್ದು ಕೊಟ್ಟವ್ರಂತೆ ಕಣವ್ವ."

ಸುಮ್ಮನೆ ಬರೆದುಕೊಟ್ಟು ಹೋಗಬಹುದಿತ್ತು. ಆಗಲಿಲ್ಲ. "ಅದನ್ನ ಬರೆದೋಳು ನಾನೇ," ಎಂದೆ.

ಅವಳು ಬೈಯಲಿಲ್ಲ. ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಇದ್ದಳು. ಆಮೇಲೆ, "ನಿಮ್ಗೂ ಕಷ್ಟ ಇರ್ತದೆ ಬುಡಿ. ಆದ್ರೆ ನಮ್ಮನ್ನ ಒಂದು ಮಾತು ಕೇಳ್ದೆ ನಮ್ಮ ತಲೆ ಮ್ಯಾಲೆ ಯಾಕೆ ಹಾಕುದ್ರಿ?" ಎಂದಳು.

ಅಲ್ಲೇ ಕಲ್ಲಿನ ಮೇಲೆ ಕೂತು ಅರ್ಜಿ ಬರೆದು ಓದಿ ಹೇಳಿದೆ. 'ಬಡ ವ್ಯಾಪಾರಿಗಳಾದ ನಾವು' ಎಂಬಲ್ಲಿ ತಡೆದಳು. "ಬಡವ್ರು ಅಂತ ಯಾಕೆ? ಸೊಪ್ಪು ಮಾರೋರು ಅಂತ್ಲೇ ಬರೀರಿ." ತಿದ್ದಿದೆ.

ಆ ಭಾನುವಾರ ಸಂಘದ ಸಭೆಯಲ್ಲಿ, ನಾನು ಬರೆದ ಸುಂಕದ ಸಾಲನ್ನು ತೆಗೆದು ಬೇರೆ ಮನವಿ ಕೊಡೋಣ ಎಂದೆ.

"ಮತ್ತೆ ದುಡ್ಡು ಎಲ್ಲಿಂದ ಬರುತ್ತೆ, ನೀವೇ ಹೇಳಿ," ಎಂದರು ಅಧ್ಯಕ್ಷರು.

"ಕೊಂಡು ಖಾಲಿ ಬಿಟ್ಟಿರೋ ಸೈಟುಗಳ ಮೇಲೆ ಹಾಕಲಿ. ಅರಕಲಗೂಡು ರಸ್ತೆಯಲ್ಲಿ ನಮ್ಮದೂ ಒಂದಿದೆ."

ಪಕ್ಕದಲ್ಲಿದ್ದ ನನ್ನ ಗಂಡ ತಲೆ ತಗ್ಗಿಸಿದರು. ಅಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಜನರಿಗೆ ಅಂಥ ಸೈಟುಗಳಿದ್ದವು. ಕೊನೆಗೆ ಸುಂಕದ ಸಾಲು ಹೋಯಿತು. ಸೈಟಿನ ಸಾಲು ಸೇರಲಿಲ್ಲ. ದುಡ್ಡು ಎಲ್ಲಿಂದ ಎಂಬುದನ್ನು ಹೇಳದೆಯೇ ಹೊಸ ಮನವಿ ಹೋಯಿತು.

ಸುಂಕ ಏರಲಿಲ್ಲ. ನಮಗೆ ರಿಯಾಯಿತಿಯೂ ಸಿಗಲಿಲ್ಲ. ಪಕ್ಕದ ಮನೆಯವರು ಒಂದೆರಡು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು. "ಸೈಟಿನ ವಿಷಯ ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದು ಗಂಡ ಈಗಲೂ ಅನ್ನುತ್ತಾರೆ. ಅವರು ಹೇಳುವುದೂ ಸರಿಯೇ.