ರಷ್ಯಾ ಆರ್ಡರಿನ ಅಂಗಿ

ನನ್ನ ಮೊಮ್ಮಗಳು ಅನುಷಾಳ ಮದುವೆ ಗೊತ್ತಾಯಿತು! ಹುಡುಗ ಡೇವಿಡ್, ಬಂಗಾರದಂಥ ಗುಣ. ಇದನ್ನು ಮೊದಲು ಹೇಳಿಬಿಡಬೇಕು, ಉಳಿದದ್ದೆಲ್ಲ ಆಮೇಲೆ. ಸಂತೋಷಕ್ಕೆ ಪೆನ್ನು ಕೈಯಲ್ಲಿ ನಿಲ್ಲುತ್ತಿಲ್ಲ. ಆದರೆ ಅದೇ ದಿನ ಆದಷ್ಟು ನಾಚಿಕೆ ನನಗೆ ಈ ಎಪ್ಪತ್ತು ವರ್ಷದಲ್ಲಿ ಎಂದೂ ಆಗಿರಲಿಲ್ಲ. ಅದನ್ನೂ ಬರೆಯುತ್ತೇನೆ.

ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ. ಅಮೆರಿಕದ ನೇಪರ್‌ವಿಲ್‌ನಲ್ಲಿರುವ ಮಗಳ ಮನೆಗೆ ಬಂದು ಮೂರು ವರ್ಷವಾಯಿತು. ಹೊಸದರಲ್ಲಿ ಇಲ್ಲಿನ ಚಳಿಗಿಂತ ಹೆಚ್ಚು ನನ್ನನ್ನು ಬೆಚ್ಚಿಬೀಳಿಸಿದ್ದು ಅಂಗಡಿಗಳ ‘ರಿಟರ್ನ್’. ಮಗಳು ಸುಮಾ ಹದಿನೈದು ದಿನ ತೊಟ್ಟ ಜಾಕೆಟ್ ಒಯ್ದು, ಜಿಪ್ ಸರಿಯಿಲ್ಲ ಅಂದಳು. ಕೌಂಟರಿನ ಹುಡುಗಿ ನಗುತ್ತಲೇ ದುಡ್ಡು ವಾಪಸ್ ಕೊಟ್ಟಳು. ಪೊಲೀಸರು ಬರುತ್ತಾರೇನೋ ಎಂದು ನಾನು ಕಾರಿನವರೆಗೂ ಹಿಂದೆ ತಿರುಗಿ ನೋಡುತ್ತ ನಡೆದೆ. ನಮ್ಮ ಅಂಗಡಿಗಳಲ್ಲಿ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡು ದೇವರ ಪಟದ ಪಕ್ಕದಲ್ಲೇ ಇರುತ್ತಿತ್ತಲ್ಲ!

ಆ ಬೋರ್ಡೂ ಬೇಕಿಲ್ಲದ ಕಡೆ ದುಡಿದವಳು ನಾನು. ರಾಜಾಜಿನಗರದ ಒಂದು ಶೆಡ್ಡಿನಲ್ಲಿ ರಷ್ಯಾ ಆರ್ಡರಿನ ಅಂಗಿ ಹೊಲಿಯುತ್ತಿದ್ದೆವು. ಎರಡು ಸರ್ಕಾರಗಳ ಒಪ್ಪಂದ. ಎಷ್ಟು ಪೀಸು ಹೋಗಬೇಕೆಂಬುದು ಮೊದಲೇ ನಿಶ್ಚಯ. ತೊಡುವವರನ್ನು ಕೇಳಿದವರಿಲ್ಲ. ತಿಂಗಳ ಕೊನೆ ಬಂತೆಂದರೆ ಸೂಪರ್‌ವೈಸರ್, “ಹೊಲಿಗೆ ದೊಡ್ಡದು ಮಾಡ್ಕೊಳ್ರಮ್ಮಾ, ಪೀಸ್ ಮುಗೀಲಿ! ಅಲ್ಲಿಂದ ಯಾರು ವಾಪಸ್ ತರ್ತಾರೆ?” ಎನ್ನುತ್ತಿದ್ದ. ನಾವೂ ನಕ್ಕು ಮಿಷನ್ನಿನ ತಿರುಪು ತಿರುಗಿಸುತ್ತಿದ್ದೆವು. ಗುಂಡಿಗೆ ನಾಲ್ಕು ಸುತ್ತು ಹಾಕಬೇಕಾದಲ್ಲಿ ಎರಡೇ. ಆಮೇಲೆ ಆ ದೇಶವೇ ಒಡೆಯಿತು, ಆರ್ಡರ್ ನಿಂತಿತು, ಶೆಡ್ಡಿಗೆ ಬೀಗ ಬಿತ್ತು. ಕೆಲಸ ಕೇಳಿಕೊಂಡು ಹೋದ ಹೊಸ ಕಂಪನಿಯವರು ಅಂಗುಲಕ್ಕೆ ಎಷ್ಟು ಹೊಲಿಗೆ ಎಂದು ಎಣಿಸಿ ನೋಡಿ ನನ್ನನ್ನು ಮನೆಗೆ ಕಳಿಸಿದರು. ಸರ್ಕಾರದ ಹೊಸ ಆರ್ಥಿಕ ನೀತಿಯಿಂದ ಎಲ್ಲ ಹಾಳಾಯಿತೆಂದು ವರ್ಷಗಟ್ಟಲೆ ಬೈದುಕೊಂಡು ತಿರುಗಿದೆ. ದೊಡ್ಡ ಹೊಲಿಗೆಯ ಮಾತನ್ನು ಮಾತ್ರ ಮನೆಯಲ್ಲೂ ಎತ್ತಲಿಲ್ಲ.

ಮೊನ್ನೆ ಭಾನುವಾರ ಮದುವೆ ಮಾತಿಗೆಂದು ಸ್ಕೋಕಿ ಎಂಬ ಊರಿಗೆ, ಡೇವಿಡ್‌ನ ಅಜ್ಜಿ ರೋಜಾ ಅವರ ಮನೆಗೆ ಹೋದೆವು. ಅವರೂ ನನ್ನಂತೆ ಮಗಳ ಹಿಂದೆ ಬಂದವರು, ಹಳೆಯ ಸೋವಿಯತ್ ದೇಶದಿಂದ. ಆ ಮಗಳು, ಅಂದರೆ ಡೇವಿಡ್‌ನ ಅಮ್ಮ, ಅಡುಗೆಮನೆಯಲ್ಲಿದ್ದರು. ನನಗೆ ಇಂಗ್ಲಿಷ್ ಬಾರದು, ಮಾತು ದಾಟಿಸಲು ನಡುವೆ ಅನುಷಾ. ರೋಜಾ ಬೀರುವಿನಿಂದ ಒಂದು ಪುಟ್ಟ ಅಂಗಿ ತಂದು ನನ್ನ ಮಡಿಲಲ್ಲಿಟ್ಟು, “ಇಂಡಿಯಾ!” ಎಂದು ನಕ್ಕರು.

“ಅಜ್ಜಿ, ಡೇವಿಡ್ ಮಮ್ಮಿ ಬರ್ತ್‌ಡೇಗೆ ಅಂತ ಅರ್ಧ ದಿನ ಕ್ಯೂ ನಿಂತು ತಂದಿದ್ದಂತೆ. ಸೋ ಸ್ವೀಟ್ ಅಲ್ವಾ? ನಾವು ಆಗ್ಲೇ ರಿಲೇಟಿವ್ಸ್ ಅಂತಿದಾರೆ.”

ಕೈ ಸುಮ್ಮನಿರಲಿಲ್ಲ, ಅಂಗಿಯನ್ನು ಒಳಮೈಗೆ ತಿರುಗಿಸಿದೆ. ಕಂಕುಳ ಹತ್ತಿರ ಅದೇ ಉದ್ದುದ್ದ ಹೊಲಿಗೆ. ಅದರ ಮೇಲೆ ಬೇರೆ ಬಣ್ಣದ ದಾರದ ಒತ್ತಾದ ಕೈಹೊಲಿಗೆ. ಒಂದು ಗುಂಡಿಯ ಜಾಗ ಖಾಲಿ. ನನ್ನ ಕೈಯದೇ ಎಂದು ಹೇಗೆ ಹೇಳಲಿ? ಅಲ್ಲ ಎನ್ನಲೂ ಬಾಯಿ ಬರಲಿಲ್ಲ. ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು.

“ಅನು, ಹೇಳಮ್ಮ ಅವ್ರಿಗೆ. ಇಂಥವನ್ನ ಹೊಲಿತಿದ್ದೋಳು ನಾನು. ಗೊತ್ತಿದ್ದೇ ಕೆಟ್ಟದಾಗಿ ಹೊಲಿತಿದ್ವಿ.”

“ಅಮ್ಮಾ, ಇವತ್ತೇ ಬೇಕಿತ್ತಾ ಇದು?” ಸುಮಾ ಪಿಸುಗುಟ್ಟಿದಳು.

ಅನುಷಾ ಹೇಳಿದಳು. ರೋಜಾ ಅವರ ನಗು ನಿಂತಿತು. ಹುಟ್ಟುಹಬ್ಬದ ದಿನ ಆಡುವಾಗಲೇ ಅಂಗಿಯ ತೋಳಿನ ಹೊಲಿಗೆ ಬಿಟ್ಟುಕೊಂಡಿತಂತೆ. ಬಂದ ಮಕ್ಕಳೆಲ್ಲ ನಕ್ಕರಂತೆ, ಹುಡುಗಿ ಕೋಣೆ ಸೇರಿ ಅತ್ತಳಂತೆ. ನಾನು ತಲೆ ಎತ್ತಲಿಲ್ಲ. ರೋಜಾ ಎದ್ದು ಒಳಗೆ ಹೋದರು. ಮುಗಿಯಿತು, ನನ್ನಿಂದ ಮಗುವಿನ ಮದುವೆ ಕೆಟ್ಟಿತು ಎಂದುಕೊಂಡೆ.

ಬಂದಾಗ ಕೈಯಲ್ಲಿ ತಗಡಿನ ಡಬ್ಬಿ. ಒಳಗೆ ಸೂಜಿ, ದಾರ, ಗುಂಡಿಗಳು. ಮುಖ ಗಂಟಿಕ್ಕಿಕೊಂಡೇ ಏನೋ ಅಂದರು. ಅನುಷಾಗೆ ನಗು ತಡೆಯಲಾಗಲಿಲ್ಲ.

“ಅಜ್ಜಿ, ರಿಟರ್ನ್ ತಗೋತೀರಾ ಅಂತ ಕೇಳ್ತಿದಾರೆ!”

“ತಗೋತೀನಿ ಅನ್ನು.”

ಕನ್ನಡಕ ಏರಿಸಿ ಗುಂಡಿ ಹಾಕಲು ಕುಳಿತೆ. ರೋಜಾ ಪಕ್ಕದಲ್ಲೇ ಕೂತು ಸುತ್ತು ಎಣಿಸಿದರು. ನಾಲ್ಕು ಹಾಕಿದೆ. ಬೆರಳೆತ್ತಿ, ಇನ್ನೊಂದು ಅಂದರು. ಹಾಕಿದೆ.

ಸಂಜೆ ಎಲ್ಲರೂ ಒಂದೇ ಮೇಜಿಗೆ ಕುಳಿತೆವು. ಅವರ ಬೀಟ್‌ರೂಟ್ ಸಾರು, ನಾವು ಒಯ್ದ ಪುಳಿಯೋಗರೆ. ಕೆಡಿಸಿದ್ದು ಆ ಊರಿನಲ್ಲಿ, ಒಪ್ಪಿಕೊಂಡದ್ದು ಈ ಊರಿನಲ್ಲಿ. ಅಂದು ಅತ್ತ ಆ ಹುಡುಗಿಯ ತಲೆಗೂದಲು ಈಗ ಅಲ್ಲಲ್ಲಿ ಬೆಳ್ಳಗಾಗಿದೆ. ಅವರೇ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಡಿಸಿದರು. ತಲೆ ತಗ್ಗಿಸಿಕೊಂಡೇ, ಹೊಟ್ಟೆ ತುಂಬ ಉಂಡೆ.